ದಕ್ಷಿಣ ಚೀನದ ಒಡಂಬಡಿಕೆಯ ರೇವುಗಳು: ವಿದೇಶೀ ವ್ಯಾಪಾರ ಮತ್ತು ನಿವಾಸಿಗಳು

ಹತ್ತೊಂಬತ್ತನೆಯ ಶತಮಾನದಲ್ಲಿ ಚೀನದ ಚಿಂಗ್ ವಂಶದ ಚಕ್ರವರ್ತಿಗಳು, ಸಮರದಲ್ಲಿ ಸೋತು ಪಾಶ್ಚಾತ್ಯ ರಾಷ್ಟ್ರಗಳೊಡನೆ ಮಾಡಿಕೊಳ್ಳಬೇಕಾಗಿ ಬಂದ ಒಡಂಬಡಿಕೆಗಳಿಗೆ ಅನುಸಾರವಾಗಿ, ಪರದೇಶದ ವರ್ತಕರ ವಾಸಕ್ಕೂ ವ್ಯಾಪಾರಕ್ಕೂ ತೆರೆದುಕೊಟ್ಟ ಪಟ್ಟಣಗಳಿಗೆ ಒಡಂಬಡಿಕೆಯ ರೇವುಗಳೆಂದು ಹೆಸರು. ಇವುಗಳಲ್ಲಿ ದಕ್ಷಿಣದ ಕ್ವಾಂಗ್‌ಟುಂಗ್ ಮತ್ತು ಫೂಕಿಯೆನ್ ಪ್ರಾಂತ್ಯಗಳಿಗೆ ಸೇರಿದ ಕ್ಯಾಂಟನ್, ಅಮಾಯ್, ಫೂಚೌ ಎಂಬ ಮೂರು ಪಟ್ಟಣಗಳು 1842ರ ನಾನ್‌ಕಿಂಗ್ ಒಡಂಬಡಿಕೆಯಿಂದಲೂ, ಸ್ವಾಟೌ 1858ರ ಟಿಯೆನ್‌ಟ್ಸಿನ್ ಒಡಂಬಡಿಕೆಯಿಂದಲೂ, ಪಾಕ್‌ಹೊಯ್ 1876ರ ಚೀಫೂ ಒಪ್ಪಂದದಿಂದಲೂ ತೆರೆದವು. ಹೈನಾನ್ ದ್ವೀಪದ ಕಿಯುಂಗ್‌ಚೌ 1858ರ ಪಟ್ಟಿಯಲ್ಲಿಯೇ ಸೇರಿದ್ದರೂ ಅಲ್ಲಿ ವ್ಯಾಪಾರ ಮೊದಲಾದುದು 1876ರಲ್ಲಿ. 1557ರ ಸುಮಾರಿನಿಂದ ಪೋರ್ಚುಗೀಸರ ನೆಲೆಯಾಗಿದ್ದ ಮಕಾವ್ ಆಗಲಿ, 1842ರಲ್ಲಿ ಬ್ರಿಟಿಷರ ವಶಕ್ಕೆ ಬಂದ ಹಾಂಗ್‌ಕಾಂಗ್ ಆಗಲಿ ಈ ವರ್ಗಕ್ಕೆ ಸೇರತಕ್ಕವಲ್ಲ. ಆದರೆ ಇವೆರಡನ್ನು ಬಿಟ್ಟು ಮಿಕ್ಕವುಗಳ ಚರಿತ್ರೆಯನ್ನು ಹೇಳುವುದು ಅಶಕ್ಯವಾದ ಕಾರಣ, ಪ್ರಸ್ತುತ ಲೇಖನದಲ್ಲಿ ಅವುಗಳ ಪ್ರಸ್ತಾಪವೂ ಅಲ್ಲಲ್ಲಿ ಬರುತ್ತದೆ.

ಈ ರೇವುಗಳನ್ನು ಏಷ್ಯದ ನೆಲದ ಮೇಲೆ ಯೂರೋಪಿನವರು ನೆಟ್ಟ ಪರಕೀಯ ಪಟ್ಟಣಗಳೆಂದು ವರ್ಣಿಸುವುದು ವಾಡಿಕೆಯಾಗಿದೆ. ಆದರೆ ಅಲ್ಲಿನ ದಿನನಿತ್ಯದ ವ್ಯವಹಾರದಲ್ಲಿ ಬಳಕೆಯಾಗುತ್ತಿದ್ದ ಮಾತುಗಳನ್ನು ಕಿವಿಗೊಟ್ಟು ಕೇಳಿದವರಿಗೆ ಬೇರೊಂದು ಸಂಗತಿ ಹೊಳೆಯುತ್ತದೆ. ನಡುವೆ ಚೌಕದ ತೂತುಳ್ಳ ಚೀನೀ ತಾಮ್ರದ ನಾಣ್ಯವನ್ನು ಇಂಗ್ಲಿಷರು ಕರೆಯುತ್ತಿದ್ದ ‘ಕ್ಯಾಷ್’ ಎಂಬ ಹೆಸರು, ದಕ್ಷಿಣ ಭಾರತದ ‘ಕಾಸು’ ಪೋರ್ಚುಗೀಸರ ಬಾಯಲ್ಲಿ ತಿರುಗಿ ಬಂದುದು. ಬೆಳ್ಳಿಯ ಚೊಕ್ಕತನವನ್ನು ಪರೀಕ್ಷಿಸುವ, ನಮ್ಮಲ್ಲಿ ಚಿನಿವಾರನೆನಿಸಿಕೊಳ್ಳುವ ಚೀನೀಯನಿಗೆ ಅಲ್ಲಿ ‘ಶ್ರಾಫ್’, ಎಂದರೆ ಸರಾಫ, ಎಂದು ಹೆಸರು. ಸರಕನ್ನು ತುಂಬಿಡುವ ಮನೆ ‘ಗೋಡೌನು’. ಸಾಲದ ಲೆಕ್ಕ ಬರೆದುಕೊಡುವ ಕಾಗದ ‘ಚಿಟ್’, ನಮ್ಮ ಚೀಟಿಯೇ. ಚೀನದ ಅಧಿಕಾರಿಯನ್ನು ಸೂಚಿಸುವ ‘ಮ್ಯಾಂಡರಿನ್’ ಶಬ್ದವೂ ಸಂಸ್ಕೃತದ ಮಂತ್ರಿಯಿಂದ ಹುಟ್ಟಿ, ಮಲಯ ಮತ್ತು ಪೋರ್ಚುಗೀಸ್ ಭಾಷೆಗಳನ್ನು ಹಾದು ಬಂದುದೇ ಹೊರತು ಚೀನೀ ಪದವಲ್ಲ. ‘ಕೂಲಿ’ಯ ವ್ಯುತ್ಪತ್ತಿಯನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟಾದರೂ, ತಮಿಳು ಕನ್ನಡಗಳ ಕೂಲಿಯ ಛಾಯೆ ಅದರ ಮೇಲೆ ಬಿದ್ದಿರುವುದಂತೂ ಸ್ಪಷ್ಟ, ಚೀನೀಯರು ಅದನ್ನು ತಮ್ಮ ಲಿಪಿಯಲ್ಲಿ ‘ಕಹಿಯಾದ ಬಲ’ ಎಂಬರ್ಥದ ಎರಡು ಅಕ್ಷರಗಳಿಂದ ಬರೆದುಕೊಂಡರು. ಹಿಂದೂ ಮಹಾಸಾಗರದ ಕರಾವಳಿಗಳಲ್ಲಿ ಶತಮಾನಗಳಿಂದ ಬೆಳೆದುಬಂದಿದ್ದ ಏಷ್ಯದ ವ್ಯಾಪಾರವೊಂದರ ಪೂರ್ವದ ಕೊನೆಯೇ ಈ ರೇವುಗಳು. ಯೂರೋಪಿನವನು ಅದರೊಳಕ್ಕೆ ಬಲಾತ್ಕಾರದಿಂದ ನುಗ್ಗಿದನು ನಿಜ, ಆದರೆ ಅದನ್ನು ನಡೆಯಿಸಿದ ಕೈಗಳು ಬಹುಮಟ್ಟಿಗೆ ಏಷ್ಯದವರ ಕೈಗಳೇ ಆಗಿದ್ದವು.

ಒಡಂಬಡಿಕೆಗಳ ಕಾಲಕ್ಕೆ ಮುಂಚಿನ ಎಂಬತ್ತೈದು ವರ್ಷಗಳ ವ್ಯವಸ್ಥೆಯನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗದು. 1757ರಲ್ಲಿ ಚಿಯೆನ್‌ಲುಂಗ್ ಚಕ್ರವರ್ತಿಯು ಪಾಶ್ಚಾತ್ಯ ಹಡಗುಗಳ ವ್ಯಾಪಾರವನ್ನೆಲ್ಲ ಕ್ಯಾಂಟನ್ ಒಂದಕ್ಕೇ ಸೀಮಿತಗೊಳಿಸಿದನು. ಎರಡು ವರ್ಷಗಳ ತರುವಾಯ, ಈಸ್ಟ್ ಇಂಡಿಯಾ ಕಂಪೆನಿಯ ದುಭಾಷಿಯಾಗಿದ್ದ ಜೇಮ್ಸ್ ಫ್ಲಿಂಟ್ ಎಂಬವನು ನಿಷೇಧವನ್ನು ಮೀರಿ ಉತ್ತರಕ್ಕೆ ಹೋಗಿ ಚಕ್ರವರ್ತಿಗೆ ಬಿನ್ನವತ್ತಳೆಯನ್ನು ಮುಟ್ಟಿಸಿದುದಕ್ಕಾಗಿ ಮೂರು ವರ್ಷಗಳ ಕಾಲ ಮಕಾವ್‌ನಲ್ಲಿ ಸೆರೆಯಲ್ಲಿರಬೇಕಾಯಿತು. ಹಡಗುಗಳು ಮುತ್ತಿನ ನದಿಯಲ್ಲಿ ವಾಂಪೋವಾದವರೆಗೆ ಮಾತ್ರ ಬಂದು ಲಂಗರು ಹಾಕಬೇಕು. ಅಲ್ಲಿಂದ ಸರಕು ಚಿಕ್ಕ ದೋಣಿಗಳಲ್ಲಿ ನಗರಕ್ಕೆ ಹೋಗಬೇಕು. ವ್ಯಾಪಾರದ ಋತು ಮುಗಿದೊಡನೆ ವಿದೇಶೀಯರು ಕ್ಯಾಂಟನ್ನನ್ನು ಬಿಟ್ಟು ಮಕಾವ್‌ಗೆ ತೆರಳಬೇಕು. ಅವರು ವ್ಯವಹರಿಸಬಹುದಾಗಿದ್ದುದು ‘ಹಾಂಗ್’ ವರ್ತಕರೆಂಬ ಪರವಾನಗಿ ಪಡೆದ ಕೆಲವೇ ಮನೆತನಗಳೊಡನೆ. ಬಂದ ಪ್ರತಿಯೊಂದು ಹಡಗಿಗೂ ಹಾಂಗ್ ವರ್ತಕನೊಬ್ಬನು ಹೊಣೆಗಾರನಾಗಿ ನಿಂತು, ಅದರ ಸುಂಕಕ್ಕೂ ಅದರ ನಾವಿಕರ ನಡತೆಗೂ ಸರ್ಕಾರಕ್ಕೆ ಉತ್ತರ ಹೇಳಬೇಕಾಗಿತ್ತು. ಇವರೆಲ್ಲರ ಮೇಲೆ, ‘ಹೊಪ್ಪೊ’ ಎಂದು ವಿದೇಶೀಯರು ಕರೆಯುತ್ತಿದ್ದ ಚಕ್ರವರ್ತಿಯ ಸುಂಕಾಧಿಕಾರಿ.

ನಗರದ ಕೋಟೆಯ ಹೊರಗೆ, ನೈರುತ್ಯದ ದಿಕ್ಕಿನಲ್ಲಿ, ನದಿಯ ದಡಕ್ಕೆ ಹೊಂದಿಕೊಂಡು ಸಾಲಾಗಿ ನಿಂತಿದ್ದ ಹದಿಮೂರು ಕೋಠಿಗಳೇ ವಿದೇಶೀಯರ ಸಮಸ್ತ ಪ್ರಪಂಚ. ಕೆಳಗೆ ಉಗ್ರಾಣ, ಖಜಾನೆ, ಲೆಕ್ಕದ ಮನೆ. ಮೇಲೆ ವಾಸದ ಕೋಣೆಗಳು. ಮುಂದೆ ಒಂದು ಸಣ್ಣ ಬಯಲು, ಅದರಾಚೆ ಸಹಸ್ರಾರು ದೋಣಿಗಳಿಂದ ಕಿಕ್ಕಿರಿದ ನದಿ. 1830ರ ದಶಕದಲ್ಲಿ ಇಲ್ಲಿ ವಾಸಿಸುತ್ತಿದ್ದ ಪರದೇಶದವರ ಸಂಖ್ಯೆ ಸುಮಾರು ಮುನ್ನೂರು, ಎಲ್ಲರೂ ಗಂಡಸರು. ಹೆಂಗಸರಿಗೆ ಪ್ರವೇಶವಿರಲಿಲ್ಲ; 1830ರಲ್ಲಿ ಇಂಗ್ಲಿಷ್ ಕಂಪೆನಿಯ ಮುಖ್ಯಸ್ಥನು ತನ್ನ ಹೆಂಡತಿಯನ್ನು ಕೋಠಿಗೆ ಕರೆತಂದಾಗ ಚೀನದ ಅಧಿಕಾರಿಗಳಿಗೂ ಕಂಪೆನಿಗೂ ನಡುವೆ ದೊಡ್ಡ ವಿವಾದವೇ ಎದ್ದಿತು. ಪಲ್ಲಕ್ಕಿಯನ್ನೇರುವಂತಿಲ್ಲ, ಆಯುಧವನ್ನು ತರುವಂತಿಲ್ಲ. ನದಿಯ ಆಚೆ ದಡದ ಹೂದೋಟಗಳಿಗೆ ತಿಂಗಳಿನ ಎಂಟನೆಯ, ಹದಿನೆಂಟನೆಯ ಮತ್ತು ಇಪ್ಪತ್ತೆಂಟನೆಯ ದಿನಗಳಲ್ಲಿ, ಅದೂ ದುಭಾಷಿಯ ಜತೆಯಲ್ಲಿ, ಹೋಗಿಬರಬಹುದಾಗಿತ್ತು. ವಿದೇಶೀಯರಿಗೆ ಚೀನೀ ಭಾಷೆಯನ್ನು ಕಲಿಸುವುದು ಶಿಕ್ಷಾರ್ಹವಾಗಿದ್ದುದರಿಂದ ‘ಪಿಜಿನ್’ ಎಂಬ ವಿಚಿತ್ರವಾದ ಸಂಕರ ಭಾಷೆ ಬೆಳೆಯಿತು; ಇಂಗ್ಲಿಷಿನ ಪದಗಳನ್ನು ಚೀನೀಯ ಅನ್ವಯಕ್ಕೆ ಒಗ್ಗಿಸಿದ ಈ ಅಲ್ಪಭಾಷೆಯಲ್ಲಿ, ಲಿಖಿತವಾದ ಕರಾರುಗಳಿಲ್ಲದೆಯೇ, ಪ್ರಚಂಡ ಮೊತ್ತದ ವ್ಯಾಪಾರ ನಡೆಯುತ್ತಿದ್ದಿತು. ಹಾಂಗ್ ವರ್ತಕರಲ್ಲಿ ಅಗ್ರಗಣ್ಯನಾದ, ಹೌಕ್ವಾ ಎಂದು ಜಗತ್ತಿಗೆ ಪರಿಚಿತನಾದ ವೂ ಪಿಂಗ್‌ಚಿಯೆನ್ (1769–1843), 1834ರಲ್ಲಿ ತನ್ನ ಆಸ್ತಿಯನ್ನು 2.6 ಕೋಟಿ ಬೆಳ್ಳಿಯ ಡಾಲರುಗಳೆಂದು ಅಂದಾಜು ಮಾಡಿಕೊಂಡಿದ್ದನು; ಆ ಕಾಲದ ಪೃಥ್ವಿಯಲ್ಲಿ ಅವನಿಗಿಂತ ಶ್ರೀಮಂತನಾದ ವರ್ತಕನು ಇದ್ದಿರಲಾರನೆಂದು ಹಲವರ ಮತ. ಆದರೆ ಅವನ ಸಮಾನಸ್ಥರಾದ ಎಷ್ಟೋ ಮಂದಿ, ಅಧಿಕಾರಿಗಳ ಸುಲಿಗೆಯನ್ನೂ ವಿದೇಶೀ ಸಾಲದ ಬಡ್ಡಿಯನ್ನೂ ತಾಳಲಾರದೆ ದಿವಾಳಿಯಾಗಿ ಗಡೀಪಾರಾದರೆಂಬುದನ್ನೂ ಇಲ್ಲಿಯೇ ಹೇಳಬೇಕು.

ಈ ವ್ಯಾಪಾರದ ಪ್ರಾಣ ಚಹಾ. ಬ್ರಿಟನ್ನಿನಲ್ಲಿ 1784ರಲ್ಲಿ ಚಹಾದ ಮೇಲಣ ಸುಂಕ ನೂರಕ್ಕೆ 119ರಿಂದ ಹನ್ನೆರಡೂವರೆಗೆ ಇಳಿದ ಮೇಲೆ ಆ ಎಲೆಯ ಬೇಡಿಕೆಗೆ ಮೇರೆಯೇ ಇಲ್ಲದಂತಾಯಿತು. 1830ರ ವೇಳೆಗೆ ಕಂಪೆನಿಯು ವರ್ಷಕ್ಕೆ ಸುಮಾರು ಮೂರು ಕೋಟಿ ಪೌಂಡು ತೂಕದ ಚಹಾವನ್ನು ಕೊಳ್ಳುತ್ತಿದ್ದಿತು. ಕೊಳ್ಳುವುದಕ್ಕೆ ಬೆಳ್ಳಿ ಬೇಕು. ಇಂಗ್ಲೆಂಡಿನ ಉಣ್ಣೆಯ ಬಟ್ಟೆಗೆ ಉಷ್ಣಪ್ರದೇಶವಾದ ಕ್ಯಾಂಟನ್ನಿನಲ್ಲಿ ಗಿರಾಕಿಗಳು ವಿರಳ. ಆದುದರಿಂದ ಆ ಕೊರತೆಯನ್ನು ತುಂಬುವ ಭಾರ ಭಾರತದ ಮೇಲೆ ಬಿದ್ದಿತು. ಬೊಂಬಾಯಿಯಿಂದ ಹತ್ತಿ, ಪಶ್ಚಿಮ ಕರಾವಳಿಯಿಂದ ಮೆಣಸು, ದೇವಾಲಯಗಳ ಧೂಪಕ್ಕೂ ಪಿತೃಪೂಜೆಗೂ ಅತ್ಯಾವಶ್ಯಕವಾದ ಶ್ರೀಗಂಧ, ಅದರಲ್ಲಿಯೂ ಮೈಸೂರು ಸೀಮೆಯ ಕಾಡುಗಳಿಂದ ಇಳಿದು ಕರಾವಳಿಯ ರೇವುಗಳ ಮೂಲಕ ಹೋಗುತ್ತಿದ್ದ ಉತ್ಕೃಷ್ಟವಾದ ಕೊರಡು: ಇವೆಲ್ಲ ಕ್ಯಾಂಟನ್ನಿನ ಉಗ್ರಾಣಗಳನ್ನು ಸೇರಿದವು. ಆದರೆ ಇವೆಲ್ಲವನ್ನೂ ಮೀರಿಸಿದುದು ಅಫೀಮು. ಗಂಗಾ ಬಯಲಿನ ಪಾಟ್ನಾ ಮತ್ತು ಕಾಶಿಯ ಅಫೀಮನ್ನು ಕಂಪೆನಿಯೇ ಬೆಳೆಯಿಸಿ, ಕಲ್ಕತ್ತೆಯಲ್ಲಿ ಹರಾಜು ಮಾಡಿ, ತನ್ನ ಹಡಗುಗಳಲ್ಲಿ ಅದನ್ನು ಒಯ್ಯದೆ, ಖಾಸಗಿ ವರ್ತಕರಿಂದ ಒಯ್ಯಿಸಿತು. ಮಾಳವದ ಅಫೀಮು ಬೊಂಬಾಯಿಯ ಮೂಲಕ ಹೋಯಿತು. ಚೀನದ ಶಾಸನದಲ್ಲಿ ನಿಷಿದ್ಧವಾಗಿದ್ದ ಈ ಸರಕನ್ನು ನದೀಮುಖದ ಲಿಂಟಿನ್ ದ್ವೀಪದ ಬಳಿ ನಿಂತ ಹಡಗುಗಳಿಂದ ಕಳ್ಳದೋಣಿಗಳು ಒಳಕ್ಕೆ ಸಾಗಿಸುತ್ತಿದ್ದವು. ಶತಮಾನದ ಆರಂಭದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಪೆಟ್ಟಿಗೆಗಳಷ್ಟಿದ್ದುದು 1838ರ ವೇಳೆಗೆ ನಲವತ್ತು ಸಾವಿರವನ್ನು ಸಮೀಪಿಸಿತು. ಬೆಳ್ಳಿಯ ಪ್ರವಾಹ ಹಿಂದಿರುಗಿ ಚೀನದಿಂದ ಹೊರಕ್ಕೆ ಹರಿಯತೊಡಗಿತು. ಭಾರತದ ರೈತನಿಂದ ಬಲವಂತವಾಗಿ ಬೆಳೆಯಿಸಿದ ವಿಷವನ್ನು ಚೀನದ ಪ್ರಜೆಗೆ ಮಾರಿ, ಬಂದ ಬೆಳ್ಳಿಯಿಂದ ಇಂಗ್ಲೆಂಡಿಗೆ ಬೇಕಾದ ಚಹಾವನ್ನು ಕೊಂಡ ಈ ತ್ರಿಕೋಣ ವ್ಯವಹಾರದಷ್ಟು ಲಾಭಕರವೂ ಇದರಷ್ಟು ಕ್ರೂರವೂ ಆದ ವಾಣಿಜ್ಯ ಆಧುನಿಕ ಚರಿತ್ರೆಯಲ್ಲಿ ವಿರಳ.

ಇದರಲ್ಲಿ ಭಾರತೀಯ ವರ್ತಕರ ಪಾತ್ರವನ್ನು ಮರೆಮಾಚುವುದು ಸತ್ಯಕ್ಕೆ ಅಪಚಾರ. ಬೊಂಬಾಯಿಯ ಪಾರ್ಸಿ ಹೀರ್ಜಿ ಜೀವನ್‌ಜಿ ರೆಡಿಮನಿ 1756ರಲ್ಲಿಯೇ ಕ್ಯಾಂಟನ್ನಿಗೆ ಹೋಗಿದ್ದನು. ಮುಂದೆ ದಾನಶೂರನೆಂದು ಹೆಸರಾದ ಜಮ್‌ಷೆಟ್‌ಜಿ ಜೀಜೀಭಾಯಿ ಯೌವನದಲ್ಲಿ ಐದು ಸಾರಿ ಚೀನಕ್ಕೆ ಪ್ರಯಾಣ ಮಾಡಿದನು. 1805ರಲ್ಲಿ ಅವನಿದ್ದ ಹಡಗನ್ನು ಫ್ರೆಂಚರು ಹಿಡಿದಾಗ ಅದರ ವೈದ್ಯನಾಗಿದ್ದ ವಿಲಿಯಂ ಜಾರ್ಡೀನನ ಸ್ನೇಹವಾಗಿ, ಆ ಸ್ನೇಹವೇ ಮುಂದೆ ಜಾರ್ಡೀನ್ ಮ್ಯಾಥೆಸನ್ ಕಂಪೆನಿಯೊಡನೆ ದೀರ್ಘಕಾಲದ ವ್ಯಾಪಾರಸಂಬಂಧವಾಗಿ ಬೆಳೆಯಿತು. ಬೊಂಬಾಯಿಯ ಆಸ್ಪತ್ರೆಗಳೂ ಪಾಠಶಾಲೆಗಳೂ ಎದ್ದ ಧನದಲ್ಲಿ ಹತ್ತಿಯ ಪಾಲೆಷ್ಟು, ಅಫೀಮಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಈಗ ಸಾಧ್ಯವಿಲ್ಲ.

1834ರಲ್ಲಿ ಕಂಪೆನಿಯ ಏಕಸ್ವಾಮ್ಯ ಅಂತ್ಯವಾಗಿ ಖಾಸಗಿ ವರ್ತಕರ ಕೈ ಮೇಲಾಯಿತು. 1839ರಲ್ಲಿ ಚಕ್ರವರ್ತಿಯ ವಿಶೇಷಾಧಿಕಾರಿಯಾಗಿ ಬಂದ ಲಿನ್ ತ್ಸೆಷು, ಕೋಠಿಗಳನ್ನು ಮುತ್ತಿ, ಇಪ್ಪತ್ತು ಸಾವಿರಕ್ಕೂ ಮೀರಿದ ಅಫೀಮಿನ ಪೆಟ್ಟಿಗೆಗಳನ್ನು ವಶಪಡಿಸಿಕೊಂಡು, ಹೂಮೆನ್ ಎಂಬಲ್ಲಿ ಹೊಂಡಗಳನ್ನು ತೋಡಿಸಿ, ನೀರು ಉಪ್ಪು ಸುಣ್ಣಗಳೊಡನೆ ಕಲಸಿ ಮೂರು ವಾರಗಳ ಕಾಲ ಸಮುದ್ರಕ್ಕೆ ಹರಿಯಿಸಿದನು. ಸಮರ ಮೊದಲಾಯಿತು. ಚೀನದ ಮೇಲೆ ಹೋದ ಬ್ರಿಟಿಷ್ ಸೇನೆಯಲ್ಲಿ ಭಾರತೀಯ ಸಿಪಾಯಿಗಳೂ ಗಣನೀಯ ಸಂಖ್ಯೆಯಲ್ಲಿದ್ದರು. ಬೆಂಗಳೂರನ್ನು ನೆಲೆಯಾಗಿ ಮಾಡಿಕೊಂಡಿದ್ದ ಮದರಾಸಿನ ಸ್ಯಾಪರ್ಸ್ ಪಡೆಯವರು ಅವರಲ್ಲಿ ಸೇರಿದ್ದರು. 1841ರ ಮೇ ತಿಂಗಳಲ್ಲಿ ಕ್ಯಾಂಟನ್ನಿನ ಬಳಿಯ ಸಾನ್‌ಯುವಾನ್‌ಲಿ ಗ್ರಾಮದಲ್ಲಿ, ಜಡಿಮಳೆಯಿಂದ ಬಂದೂಕಿನ ಮದ್ದು ನೆನೆದು ನಿಷ್ಪ್ರಯೋಜಕವಾದ ಹೊತ್ತಿನಲ್ಲಿ, ಈಟಿ ಗುದ್ದಲಿಗಳನ್ನು ಹಿಡಿದ ರೈತರ ನಡುವೆ ಸಿಕ್ಕಿಬಿದ್ದುದು ಮದರಾಸಿನ 37ನೆಯ ದೇಶೀಯ ಪದಾತಿ ದಳದ ಒಂದು ತುಕಡಿ. ಪರಾಧೀನರಾದ ಒಂದು ದೇಶದ ರೈತರ ಮಕ್ಕಳು ಇನ್ನೊಂದು ದೇಶದ ರೈತರೊಡನೆ ಯಾರದೋ ವ್ಯಾಪಾರಕ್ಕಾಗಿ ಕೈಕೈ ಮಿಲಾಯಿಸಿದ ಈ ಪ್ರಸಂಗ ಚೀನದ ಜನಮನದಲ್ಲಿ ವೀರಗಾಥೆಯಾಗಿ ಉಳಿದಿದೆ. ನಮ್ಮ ಚರಿತ್ರೆಯ ಪುಸ್ತಕಗಳಲ್ಲಿಯೂ ಅದಕ್ಕೆ ಸ್ಥಳ ದೊರೆಯಬೇಕು.

1842ರ ಆಗಸ್ಟ್ 29ರಂದು ಸಹಿಯಾದ ನಾನ್‌ಕಿಂಗ್ ಒಡಂಬಡಿಕೆಯಂತೆ ಕ್ಯಾಂಟನ್, ಅಮಾಯ್, ಫೂಚೌ, ನಿಂಗ್‌ಪೋ, ಷಾಂಘೈ ಎಂಬ ಐದು ರೇವುಗಳು ತೆರೆದವು, ಹಾಂಗ್ ವರ್ತಕರ ಸಂಘ ರದ್ದಾಯಿತು, 2.1 ಕೋಟಿ ಡಾಲರುಗಳ ದಂಡವನ್ನು ಚೀನ ತೆರಬೇಕಾಯಿತು. ಮರುವರ್ಷದ ಪೂರಕ ಒಪ್ಪಂದವೂ, 1844ರಲ್ಲಿ ಅಮೆರಿಕ ಮತ್ತು ಫ್ರಾನ್ಸ್ ದೇಶಗಳೊಡನೆ ಆದ ಒಡಂಬಡಿಕೆಗಳೂ ಈ ವ್ಯವಸ್ಥೆಯ ನಿಜವಾದ ಕೀಲುಗಳನ್ನು ಒದಗಿಸಿದವು. ಸುಂಕ ಸರಾಸರಿ ನೂರಕ್ಕೆ ಐದರಂತೆ ನಿಶ್ಚಿತವಾಗಿ, ಅದನ್ನು ಏರಿಸುವ ಸ್ವಾತಂತ್ರ್ಯ ಚೀನಕ್ಕೆ ಇಲ್ಲದಂತಾಯಿತು. ಒಂದು ರಾಷ್ಟ್ರಕ್ಕೆ ಕೊಟ್ಟ ಸೌಲಭ್ಯ ಎಲ್ಲ ರಾಷ್ಟ್ರಗಳಿಗೂ ತಾನಾಗಿಯೇ ಸಲ್ಲುವಂತಾಯಿತು. ವಿದೇಶೀಯನು ಅಪರಾಧ ಮಾಡಿದರೆ ಅವನ ವಿಚಾರಣೆ ಅವನ ದೇಶದ ಕಾನ್ಸಲನ ಮುಂದೆ, ಅವನ ದೇಶದ ಕಾನೂನಿನಂತೆ. ಈ ಮೂರರಲ್ಲಿ ಕೊನೆಯದೇ ಚೀನೀಯರ ಆತ್ಮಗೌರವವನ್ನು ಬಹುವಾಗಿ ನೋಯಿಸಿತು. ಮೊದಲನೆಯದು ಅವರ ಕೈಗಾರಿಕೆಯನ್ನು ಬಹುವಾಗಿ ಕುಗ್ಗಿಸಿತು.

ಕ್ಯಾಂಟನ್ನಿಗೆ ಒಡಂಬಡಿಕೆಯಿಂದ ಏಳಿಗೆಯಾಗಲಿಲ್ಲ, ಇಳಿಗಾಲವೇ ಪ್ರಾಪ್ತವಾಯಿತು. ಅಲ್ಲಿಯವರೆಗೆ ಫೂಕಿಯೆನ್ನಿನ ಬೆಟ್ಟಗಳ ಚಹಾವೂ ಮಧ್ಯದೇಶದ ರೇಷ್ಮೆಯೂ ಮೀಲಿಂಗ್ ಕಣಿವೆಯನ್ನು ದಾಟಿ, ಲಕ್ಷಾಂತರ ಹೊರೆಯಾಳುಗಳ ಹೆಗಲ ಮೇಲೂ ದೋಣಿಗಳಲ್ಲೂ ದಕ್ಷಿಣಕ್ಕೆ ಬರುತ್ತಿದ್ದವು. ಸಮೀಪದ ರೇವುಗಳು ತೆರೆದೊಡನೆ ಆ ದೀರ್ಘಮಾರ್ಗದ ಅವಶ್ಯಕತೆ ತಪ್ಪಿ, 1850ರ ದಶಕದಲ್ಲಿ ಷಾಂಘೈ ಮುಂದಕ್ಕೆ ನಡೆಯಿತು. ಉದ್ಯೋಗಹೀನರಾದ ಹೊರೆಯಾಳುಗಳ ಅಸಂತೋಷ, ಚಿಂಗ್ ವಂಶದ ವಿರುದ್ಧ ಎದ್ದ ತೈಪಿಂಗ್ ದಂಗೆಯ ಕಿಚ್ಚಿಗೆ ಇಂಧನವಾಯಿತು. ಕೋಟೆಯೊಳಕ್ಕೆ ವಿದೇಶೀಯರನ್ನು ಬಿಡಬೇಕೆ ಬೇಡವೆ ಎಂಬ ವಿವಾದವಂತೂ ಹದಿನೈದು ವರ್ಷ ಎಳೆಯಿತು. 1856ರ ಅಕ್ಟೋಬರಿನಲ್ಲಿ ‘ಆ್ಯರೋ’ ಎಂಬ ದೋಣಿಯ ನಾವಿಕರನ್ನು ಚೀನದ ಅಧಿಕಾರಿಗಳು ಬಂಧಿಸಿದುದನ್ನೇ ನೆಪಮಾಡಿಕೊಂಡು ಎರಡನೆಯ ಸಮರ ಆರಂಭವಾಯಿತು. ಅದೇ ವರ್ಷ ಹದಿಮೂರು ಕೋಠಿಗಳು ಬೆಂಕಿಗೆ ತುತ್ತಾಗಿ ಮತ್ತೆ ಏಳಲೇ ಇಲ್ಲ. ರಾಜಪ್ರತಿನಿಧಿಯಾಗಿದ್ದ ಯೆ ಮಿಂಗ್‌ಚೆನ್ 1858ರ ಜನವರಿಯಲ್ಲಿ ಸೆರೆಸಿಕ್ಕಿ, ಹಡಗಿನಲ್ಲಿ ಕಲ್ಕತ್ತೆಗೆ ಒಯ್ಯಲ್ಪಟ್ಟು, ಮರುವರ್ಷ ಅಲ್ಲಿಯೇ ಮೃತನಾದನು.

ಕೋಠಿಗಳ ಸ್ಥಾನದಲ್ಲಿ ಹುಟ್ಟಿದುದು ಶಮೀನ್. ನದಿಯ ಅಂಚಿನ ಕೆಸರುದಿಬ್ಬವೊಂದನ್ನು 1859ರಿಂದ 1861ರವರೆಗೆ ಕಲ್ಲಿನ ಒಡ್ಡು ಕಟ್ಟಿ ಎತ್ತರಿಸಿ, ನಗರದ ಕಡೆಗೆ ಕಾಲುವೆಯನ್ನು ತೋಡಿ, ದ್ವೀಪವನ್ನಾಗಿ ಮಾಡಿದರು. ಐದರಲ್ಲಿ ನಾಲ್ಕು ಭಾಗ ಬ್ರಿಟಿಷರಿಗೆ, ಒಂದು ಭಾಗ ಫ್ರೆಂಚರಿಗೆ. ಆಲದ ಮರಗಳ ಸಾಲು, ಹುಲ್ಲಿನ ಬಯಲು, ಕಂಬಗಳ ಪಡಸಾಲೆಯ ಮನೆಗಳು, ಇಗರ್ಜಿ, ಕ್ಲಬ್ಬು. ಸೇತುವೆಗಳ ಬಾಗಿಲಿಗೆ ರಾತ್ರಿ ಬೀಗ. ಕಾಲುವೆಯ ಆಚೆ ಲಕ್ಷಾಂತರ ಜನರ ಗದ್ದಲದ ನಗರ. ಈಚೆ ನೂರಿನ್ನೂರು ಜನರ ಮೌನ. 1883ರಲ್ಲಿ ವಿದೇಶೀಯರ ಕೈಯಲ್ಲಿ ಚೀನೀಯರು ಸತ್ತ ಪ್ರಕರಣಗಳಿಂದ ರೊಚ್ಚಿಗೆದ್ದ ಜನ ಈ ದ್ವೀಪಕ್ಕೆ ನುಗ್ಗಿ ಹಲವು ಮನೆಗಳನ್ನು ಸುಟ್ಟರು.

ಅಮಾಯ್‌ನ ಚರಿತ್ರೆ ಬೇರೆ ಬಗೆಯದು. ಅಲ್ಲಿನ ಜನ ಶತಮಾನಗಳಿಂದ ಸಮುದ್ರವನ್ನೇ ನಂಬಿದವರು. ಮನಿಲಾ, ಬಟಾವಿಯ, ಮಲಾಕಾಗಳು ಅವರಿಗೆ ನೆರೆಯೂರುಗಳಂತೆ. ಇಂಗ್ಲಿಷಿನ ‘ಟೀ’ ಎಂಬ ಪದ ಅಮಾಯ್ ಸೀಮೆಯ ನುಡಿಯ ‘ತೆ’ಯಿಂದ ಬಂದುದು; ಕ್ಯಾಂಟನ್ನಿನವರು ಅದನ್ನೇ ‘ಚಾ’ ಎನ್ನುತ್ತಾರೆ. ನಮ್ಮ ನಾಡಿನಲ್ಲಿ ಒಂದೇ ಪಾನೀಯಕ್ಕೆ ಚಹಾ ಎಂತಲೂ ಟೀ ಎಂತಲೂ ಎರಡು ಹೆಸರುಗಳಿರುವುದಕ್ಕೆ ಈ ಎರಡು ರೇವುಗಳ ನುಡಿಭೇದವೇ ಮೂಲವೆಂಬುದನ್ನು ಯೋಚಿಸಿದರೆ ಸೋಜಿಗವಾಗುತ್ತದೆ. ರೇವು ತೆರೆದ ಮೇಲೆ ಅಮಾಯ್‌ನಿಂದ ಹೊರಟ ಅತ್ಯಂತ ಶೋಚನೀಯವಾದ ಸರಕು ಮನುಷ್ಯರೇ. 1847ರಿಂದ ಕ್ಯೂಬದ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳನ್ನು ಸಾಗಿಸತೊಡಗಿದರು. ದಲ್ಲಾಳಿಗಳು ಆಸೆ ತೋರಿಸಿಯೋ, ಸಾಲದಲ್ಲಿ ಸಿಕ್ಕಿಸಿಯೋ, ಅಪಹರಿಸಿಯೋ ತಂದವರನ್ನು ದೊಡ್ಡಿಗಳಲ್ಲಿ ಕೂಡಿಹಾಕಿ ಹಡಗಿಗೆ ತುಂಬುತ್ತಿದ್ದರು. 1852ರ ನವೆಂಬರಿನಲ್ಲಿ ಇದರ ವಿರುದ್ಧ ಅಮಾಯ್‌ನ ಜನ ದಂಗೆಯೆದ್ದರು. ಬ್ರಿಟಿಷ್ ನಾವಿಕ ಸೈನಿಕರು ಗುಂಡು ಹಾರಿಸಿದರು. ಆಮೇಲೆ ಈ ವ್ಯಾಪಾರ ಸ್ವಾಟೌಗೂ, ಮುಖ್ಯವಾಗಿ ಮಕಾವ್‌ಗೂ ಸರಿಯಿತು. 1874ರಲ್ಲಿ ಮಕಾವ್‌ನಲ್ಲಿ ಅದು ನಿಲ್ಲುವುದರೊಳಗಾಗಿ ಒಂದು ಲಕ್ಷಕ್ಕೂ ಮಿಗಿಲಾದ ಚೀನೀಯರು ಕ್ಯೂಬಕ್ಕೆ ಹೋಗಿದ್ದರು. ಅದೇ ವರ್ಷ ಅಲ್ಲಿಗೆ ಹೋದ ಚೀನೀ ಆಯೋಗದ ಮುಂದೆ ಅವರು ಕೊಟ್ಟ ಹೇಳಿಕೆಗಳು ಎಂಥವರ ಹೃದಯವನ್ನಾದರೂ ಕಲಕುತ್ತವೆ.

ಸಿಂಗಪುರ, ಪೆನಾಂಗ್‌ಗಳಿಗೆ ಹೋಗಿ ಬಾಳಿ ಹಿಂದಿರುಗಿದ ಅಮಾಯ್‌ನ ಚೀನೀಯರು ತಮ್ಮನ್ನು ಬ್ರಿಟಿಷ್ ಪ್ರಜೆಗಳೆಂದು ಹೇಳಿಕೊಂಡು ಕಾನ್ಸಲನ ರಕ್ಷಣೆಯನ್ನು ಕೋರುತ್ತಿದ್ದುದು ಇನ್ನೊಂದು ಸ್ವಾರಸ್ಯದ ಸಂಗತಿ. ಉಡುಪಿನಲ್ಲಿ, ಭಾಷೆಯಲ್ಲಿ, ಕುಲದಲ್ಲಿ ಚೀನೀಯನಾದವನು ಕಾಗದದ ಮೇಲೆ ವಿದೇಶೀಯನಾದರೆ ಅವನನ್ನು ಯಾರ ಕಾನೂನು ಆಳಬೇಕು? ‘ವಿದೇಶೀ ನಿವಾಸಿ’ ಎಂಬ ಮಾತಿನ ಅರ್ಥವೇ ಎಷ್ಟು ಅನಿಶ್ಚಿತವಾಗಿತ್ತೆಂಬುದನ್ನು ಈ ಒಂದು ಪ್ರಶ್ನೆ ತೋರಿಸುತ್ತದೆ. ಅಮಾಯ್‌ಗೆ ಎದುರಾಗಿ ಕಿರಿದಾದ ಜಲಸಂಧಿಯಾಚೆ ಇರುವ ಕೂಲಾಂಗ್‌ಸೂ ದ್ವೀಪದಲ್ಲಿ ಬಿಳಿಯರು ಮನೆ ಕಟ್ಟಿಕೊಂಡರು. 1902ರಲ್ಲಿ ಅದು ಅಂತರರಾಷ್ಟ್ರೀಯ ವಸತಿಯಾಗಿ, ತನ್ನದೇ ಪುರಸಭೆಯನ್ನೂ ಸಿಖ್ಖ ಪೋಲೀಸರನ್ನೂ ಪಡೆಯಿತು. ಆದರೆ ಅಲ್ಲಿನ ಭವ್ಯವಾದ ಬಂಗಲೆಗಳಲ್ಲಿ ಹಲವು, ಆಗ್ನೇಯ ಏಷ್ಯದಲ್ಲಿ ಹಣ ಗಳಿಸಿ ಬಂದ ಚೀನೀಯರವೇ.

ಅಮಾಯ್‌ನ ವಿಷಯವನ್ನು ಮುಗಿಸುವ ಮುನ್ನ ಪ್ಯಾಟ್ರಿಕ್ ಮ್ಯಾನ್ಸನ್ನನ್ನು ನೆನೆಯಬೇಕು. ಸುಂಕದ ಇಲಾಖೆಯ ವೈದ್ಯನಾಗಿ 1871ರಿಂದ ಅಲ್ಲಿದ್ದ ಈತನು, ಆನೆಕಾಲು ರೋಗದ ಸೂಕ್ಷ್ಮ ಹುಳು ಸೊಳ್ಳೆಯ ಒಡಲಿನಲ್ಲಿ ಬೆಳೆಯುವುದನ್ನು 1877ರಲ್ಲಿ ಕಂಡುಹಿಡಿದನು. ರೋಗವೊಂದಕ್ಕೂ ಕೀಟಕ್ಕೂ ಇರುವ ಈ ಸಂಬಂಧವನ್ನೇ ಮುಂದೆ ಮಲೇರಿಯಕ್ಕೆ ಅನ್ವಯಿಸುವಂತೆ ರೊನಾಲ್ಡ್ ರಾಸ್‌ನನ್ನು ಪ್ರಚೋದಿಸಿದವನೂ ಇವನೇ. 1883ರಲ್ಲಿ ಬೆಂಗಳೂರಿನಲ್ಲಿ ಸೇನಾವೈದ್ಯನಾಗಿದ್ದಾಗ ತನ್ನ ಮನೆಯ ಬಳಿಯ ನೀರಿನ ತೊಟ್ಟಿಯಲ್ಲಿ ಸೊಳ್ಳೆಗಳು ಹುಟ್ಟುವುದನ್ನು ಗಮನಿಸಿದ್ದ ರಾಸ್, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಆ ರಹಸ್ಯವನ್ನು ಭೇದಿಸಿದನು. ಲಕ್ಷಾಂತರ ಜೀವಗಳನ್ನು ಉಳಿಸಿದ ಆ ಜ್ಞಾನದ ಮೊದಲ ಎಳೆ ಅಮಾಯ್‌ನ ಬಡ ರೋಗಿಗಳ ಹಾಸಿಗೆಯ ಬಳಿ ದೊರೆತುದು.

ಫೂಚೌ ಮೊದಲ ಹತ್ತು ವರ್ಷ ಹೆಸರಿಗೆ ಮಾತ್ರ ತೆರೆದಿದ್ದಿತು. ಬೊಹೀ ಎಂದು ಪ್ರಸಿದ್ಧವಾದ ವೂಯಿ ಬೆಟ್ಟಗಳ ಚಹಾಕ್ಕೆ ಮಿನ್ ನದಿಯ ಮೇಲಿನ ಈ ರೇವೇ ಸಹಜವಾದ ದ್ವಾರವಾಗಿದ್ದರೂ, ಹಳೆಯ ಮಾರ್ಗಗಳು ತೈಪಿಂಗ್ ದಂಗೆಯಿಂದ ಮುಚ್ಚಿದ ಮೇಲೆ, 1853ರಲ್ಲಿ ಅಮೆರಿಕದ ರಸೆಲ್ ಕಂಪೆನಿಯು ತನ್ನ ಚೀನೀ ಪ್ರತಿನಿಧಿಗಳಿಗೆ ಹಣ ಕೊಟ್ಟು ಬೆಟ್ಟಗಳಿಗೇ ಕಳುಹಿಸಿದಂದಿನಿಂದ ಅದರ ಭಾಗ್ಯ ತೆರೆಯಿತು. ವಸಂತದ ಮೊದಲ ಕೊಯ್ಲನ್ನು ಎಲ್ಲರಿಗಿಂತ ಮುಂಚೆ ಲಂಡನ್ನಿಗೆ ಮುಟ್ಟಿಸಿದ ಹಡಗಿಗೆ ಅಧಿಕ ಬಾಡಿಗೆ; ಆದುದರಿಂದ ಕ್ಲಿಪ್ಪರ್ ಎಂಬ ನೀಳವಾದ ಹಾಯಿಹಡಗುಗಳು ಪೈಪೋಟಿಗೆ ನಿಂತವು. 1866ರ ಮೇ ಕೊನೆಯಲ್ಲಿ ಫೂಚೌದ ಕೆಳಗಿನ ಪಗೋಡ ಲಂಗರುದಾಣದಿಂದ ಹೊರಟ ‘ಟೈಪಿಂಗ್’ ಮತ್ತು ‘ಏರಿಯಲ್’, ತೊಂಬತ್ತೊಂಬತ್ತು ದಿನಗಳ ಸಮುದ್ರಯಾನದ ತರುವಾಯ ಸೆಪ್ಟೆಂಬರ್ 6ರಂದು ಅರ್ಧ ಗಂಟೆಗೂ ಕಡಮೆ ಅಂತರದಲ್ಲಿ ಲಂಡನ್ನಿನ ಕಟ್ಟೆಯನ್ನು ಸೇರಿದವು. ಮೂರು ವರ್ಷಗಳೊಳಗೆ ಸೂಯೆಜ್ ಕಾಲುವೆ ತೆರೆದು, ಉಗಿಹಡಗುಗಳು ಆ ವೈಭವವನ್ನು ಕೊನೆಗಾಣಿಸಿದವು. ಅದಕ್ಕೂ ದೊಡ್ಡ ಪೆಟ್ಟು ಬಂದುದು ಭಾರತದಿಂದ. 1848ರಿಂದ ರಾಬರ್ಟ್ ಫಾರ್ಚೂನ್ ಎಂಬವನು ಚೀನೀ ವೇಷದಲ್ಲಿ ಚಹಾದ ಬೆಟ್ಟಗಳನ್ನು ಸಂಚರಿಸಿ ಗಿಡಗಳನ್ನೂ ಕುಶಲಕರ್ಮಿಗಳನ್ನೂ ಹಿಮಾಲಯದ ತಪ್ಪಲಿಗೆ ಸಾಗಿಸಿದ್ದನು. ಅಸ್ಸಾಮಿನ ದೊಡ್ಡ ತೋಟಗಳಲ್ಲಿ ಯಂತ್ರಗಳಿಂದ ಒಂದೇ ಹದಕ್ಕೆ ಬಂದ ಎಲೆಯ ಮುಂದೆ, ಸಾವಿರಾರು ಸಣ್ಣ ರೈತರು ಕೈಯಿಂದ ಹುರಿದ ಫೂಕಿಯೆನ್ನಿನ ಎಲೆ ನಿಲ್ಲಲಾರದೆ ಹೋಯಿತು. 1880ರ ದಶಕದ ಕೊನೆಗೆ ಬ್ರಿಟನ್ನಿನ ಪೇಟೆಯಲ್ಲಿ ಭಾರತ ಮತ್ತು ಸಿಂಹಳದ ಚಹಾ ಚೀನದ್ದನ್ನು ಹಿಂದೆ ಹಾಕಿತು. ಅಫೀಮಿನಿಂದ ಒಮ್ಮೆ, ಚಹಾದಿಂದ ಒಮ್ಮೆ, ಭಾರತದ ಮಣ್ಣಿನ ಮೂಲಕವೇ ಚೀನದ ರೈತನಿಗೆ ಎರಡು ಸಲ ಕೇಡಾಯಿತು.

ಸ್ವಾಟೌದಲ್ಲಿ ವಿದೇಶೀಯರ ಸಂಖ್ಯೆ ಅತ್ಯಲ್ಪ, ಚೀನೀ ವರ್ತಕರ ಸಂಘದ ಬಲ ಅತ್ಯಧಿಕ. ಮಂಚೂರಿಯದ ಸೋಯಾ ಅವರೆಯ ಹಿಂಡಿ ಗೊಬ್ಬರವಾಗಿ ಇಲ್ಲಿನ ಕಬ್ಬಿನ ಗದ್ದೆಗಳಿಗೆ ಬರುತ್ತಿದ್ದಿತು. ಇಲ್ಲಿನ ಸಕ್ಕರೆ ಉತ್ತರಕ್ಕೆ ಹೋಗುತ್ತಿದ್ದಿತು. ಹಡಗು ಮಾತ್ರ ಇಂಗ್ಲಿಷಿನವನದು. ಸರಕು, ಬಂಡವಾಳ, ಲಾಭ ಎಲ್ಲವೂ ಚೀನೀಯರವು. ಸಯಾಮಿಗೂ ಮಲಯಕ್ಕೂ ವಲಸೆ ಹೋದವರು ಊರಿಗೆ ಕಳುಹಿಸುತ್ತಿದ್ದ ಹಣವೇ ಆ ಸೀಮೆಯ ಜೀವನಾಧಾರವಾಗಿತ್ತು. ಪಾಕ್‌ಹೊಯ್, ಕಿಯುಂಗ್‌ಚೌಗಳ ವ್ಯಾಪಾರ ಗೌಣ.

ಎಲ್ಲ ರೇವುಗಳನ್ನೂ ಒಂದೇ ಸೂತ್ರದಲ್ಲಿ ಪೋಣಿಸಿದ ಸಂಸ್ಥೆ ಚಕ್ರಾಧಿಪತ್ಯದ ಸಾಗರ ಸುಂಕದ ಇಲಾಖೆ. 1854ರಲ್ಲಿ ಷಾಂಘೈಯಲ್ಲಿ ತಾತ್ಕಾಲಿಕವಾಗಿ ಹುಟ್ಟಿ, 1859ರಲ್ಲಿ ಕ್ಯಾಂಟನ್ನಿಗೆ ಬಂದ ಇದರ ಮೇಲಧಿಕಾರಿಗಳು ವಿದೇಶೀಯರು, ಒಡೆಯ ಮಾತ್ರ ಚೀನದ ಸರ್ಕಾರ. ಆರಂಭದಲ್ಲಿ ಕ್ಯಾಂಟನ್ನಿನ ಉಪಕಮಿಷನರನಾಗಿದ್ದ ಐರ್ಲೆಂಡಿನ ರಾಬರ್ಟ್ ಹಾರ್ಟ್, 1863ರಿಂದ ಸುಮಾರು ಅರ್ಧ ಶತಮಾನ ಇದರ ಸರ್ವಾಧಿಕಾರಿಯಾಗಿದ್ದನು. ದೀಪಸ್ತಂಭಗಳು, ನದೀಮಾರ್ಗದ ಗುರುತುಗಳು, 1896ರಲ್ಲಿ ಆರಂಭವಾದ ಅಂಚೆ, ವರ್ಷವರ್ಷದ ವ್ಯಾಪಾರದ ವರದಿಗಳು ಎಲ್ಲವೂ ಈ ಇಲಾಖೆಯ ಕೊಡುಗೆ. ಅದೇ ಇಲಾಖೆಯೇ, 1858ರ ಸುಂಕದ ಪಟ್ಟಿಯಲ್ಲಿ ಅಫೀಮು ಸಕ್ರಮವಾದ ಮೇಲೆ, ಪಿಕಲ್ ಎಂಬ ತೂಕವೊಂದಕ್ಕೆ ಮೂವತ್ತು ಟೇಲ್ ಬೆಳ್ಳಿಯಂತೆ ಅದರ ಸುಂಕವನ್ನೂ ಎಣಿಸಿಕೊಳ್ಳುತ್ತಿದ್ದಿತು.

ಹಾಂಗ್ ವರ್ತಕರು ಹೋದ ಮೇಲೆ ಅವರ ಸ್ಥಾನಕ್ಕೆ ಬಂದವನು ‘ಕಾಂಪ್ರಡೋರ್’. ಮೂಲದಲ್ಲಿ ಪೋರ್ಚುಗೀಸ್ ಮನೆಗಳಿಗೆ ಸಾಮಾನು ಕೊಂಡುತರುವ ಆಳಿನ ಹೆಸರಾಗಿದ್ದ ಇದು, ವಿದೇಶೀ ಸಂಸ್ಥೆಯ ಪರವಾಗಿ ಚೀನೀಯರೊಡನೆ ಸಕಲ ವ್ಯವಹಾರವನ್ನೂ ನಡೆಸಿ, ನೌಕರರನ್ನು ನೇಮಿಸಿ, ಅವರ ನಡತೆಗೂ ಗಿರಾಕಿಗಳ ಸಾಲಕ್ಕೂ ತಾನೇ ಜಾಮೀನಾಗುವ ಪ್ರಭಾವಶಾಲಿಯ ಹೆಸರಾಯಿತು. ಮಕಾವ್‌ಗೆ ಸಮೀಪದ ಶಿಯಾಂಗ್‌ಷಾನ್ ಸೀಮೆ ಇಂಥವರ ತವರು; ಜಾರ್ಡೀನ್ ಸಂಸ್ಥೆಯ ಕಾಂಪ್ರಡೋರ್ ಆಗಿದ್ದ ತಾಂಗ್ ತಿಂಗ್‌ಷು, ಮುಂದೆ ಚೀನದ ಸ್ವಂತ ಉಗಿಹಡಗು ಕಂಪೆನಿಯ ಆಡಳಿತವನ್ನು ವಹಿಸಿಕೊಂಡನು. ಮೂವತ್ತು ವರ್ಷ ಚೀನದಲ್ಲಿದ್ದೂ ಅದರ ಭಾಷೆಯನ್ನು ಕಲಿಯದ ವಿದೇಶೀ ವರ್ತಕನು, ತಾನು ಯಾರಿಂದ ಏನನ್ನು ಕೊಳ್ಳುತ್ತಿರುವೆನೆಂಬುದನ್ನು ಕಾಂಪ್ರಡೋರನ ಬಾಯಿಂದಲೇ ಕೇಳಿ ತಿಳಿಯಬೇಕಾಗಿತ್ತು.

ಭಾಷೆಯನ್ನು ಶ್ರದ್ಧೆಯಿಂದ ಕಲಿತವರು ಪಾದ್ರಿಗಳು. 1807ರಲ್ಲಿ ಕ್ಯಾಂಟನ್ನಿಗೆ ಬಂದ ರಾಬರ್ಟ್ ಮಾರಿಸನ್ ಮೊದಲ ದೊಡ್ಡ ಚೀನೀ–ಇಂಗ್ಲಿಷ್ ನಿಘಂಟನ್ನು ರಚಿಸಿದನು. 1835ರಲ್ಲಿ ಅಮೆರಿಕದ ಪೀಟರ್ ಪಾರ್ಕರ್ ಕೋಠಿಗಳ ನಡುವೆಯೇ ಕಣ್ಣಿನ ಆಸ್ಪತ್ರೆಯನ್ನು ತೆರೆದನು. ಕನ್ನಡಿಗರಿಗೆ ವಿಶೇಷವಾಗಿ ನೆನಪಿಗೆ ಬರಬೇಕಾದುದು ಬಾಸೆಲ್ ಮಿಷನ್. 1834ರಲ್ಲಿ ಮಂಗಳೂರಿನಲ್ಲಿ ನೆಲೆನಿಂತು, ಕನ್ನಡದ ಮೊದಲ ವೃತ್ತಪತ್ರಿಕೆಯನ್ನೂ ಕಿಟ್ಟೆಲರ ನಿಘಂಟನ್ನೂ ನಾಡಿಗೆ ಕೊಟ್ಟ ಸಂಸ್ಥೆಯೇ 1847ರಲ್ಲಿ ಹಾಂಬರ್ಗ್ ಮತ್ತು ಲೆಖ್ಲರ್ ಎಂಬ ಇಬ್ಬರನ್ನು ಹಾಂಗ್‌ಕಾಂಗಿಗೆ ಕಳುಹಿಸಿ, ಕ್ವಾಂಗ್‌ಟುಂಗಿನ ಹಕ್ಕಾ ಜನರ ನಡುವೆ ಕೆಲಸವನ್ನು ಆರಂಭಿಸಿತು. ತೈಪಿಂಗ್ ದಂಗೆಯ ನಾಯಕನ ಪೂರ್ವವೃತ್ತಾಂತವನ್ನು ಅವನ ಬಂಧುವಿನ ಬಾಯಿಂದ ಕೇಳಿ 1854ರಲ್ಲಿ ಪ್ರಕಟಿಸಿದವನು ಇದೇ ಹಾಂಬರ್ಗ್.

ಶತಮಾನ ತಿರುಗುವ ವೇಳೆಗೆ ಚೀನೀಯರ ಪ್ರತಿಭಟನೆಯ ರೀತಿಯೂ ಬದಲಾಯಿತು. ವಲಸೆಗಾರರ ಮೇಲಿನ ಅಮೆರಿಕದ ನಿರ್ಬಂಧಗಳನ್ನು ಖಂಡಿಸಿ 1905ರಲ್ಲಿ ನಡೆದ ಅಮೆರಿಕದ ಸರಕಿನ ಬಹಿಷ್ಕಾರ ಕ್ಯಾಂಟನ್ನಿನಲ್ಲಿ ಅತಿ ದೀರ್ಘವಾಗಿ ನಡೆಯಿತು. ಅದೇ ವರ್ಷ ವಂಗದೇಶದಲ್ಲಿ ಸ್ವದೇಶೀ ಚಳುವಳಿ ಮೊದಲಾದುದನ್ನು ಓದುಗರು ಬಲ್ಲರು. 1907ರ ಒಪ್ಪಂದದಂತೆ ಭಾರತದ ಅಫೀಮಿನ ರಫ್ತು ವರ್ಷವರ್ಷಕ್ಕೂ ಇಳಿದು 1913ರಲ್ಲಿ ನಿಂತಿತು. ಅಷ್ಟರಲ್ಲಿ ಚಿಂಗ್ ವಂಶವೇ ಪದಚ್ಯುತವಾಗಿತ್ತು. ಒಡಂಬಡಿಕೆಗಳಿಂದ ಪಡೆದ ವಿಶೇಷ ಹಕ್ಕುಗಳನ್ನು ಬ್ರಿಟನ್ ಮತ್ತು ಅಮೆರಿಕ ಬಿಟ್ಟುಕೊಟ್ಟುದು 1943ರ ಜನವರಿ 11ರಂದು. ವಾಂಪೋವಾದ ಹಳೆಯ ಲಂಗರುದಾಣದ ಬಳಿ, ಚಾಂಗ್‌ಚೌ ದ್ವೀಪದ ಗುಡ್ಡದ ಮೇಲೆ, ಬೊಂಬಾಯಿಯಿಂದ ಹತ್ತಿಯನ್ನೂ ಅಫೀಮನ್ನೂ ತಂದು ಊರಿಗೆ ಹಿಂದಿರುಗಲಾರದೆ ಹೋದ ಪಾರ್ಸಿ ವರ್ತಕರ ಕಲ್ಲಿನ ಗೋರಿಗಳು ಗುಜರಾತಿ ಅಕ್ಷರಗಳನ್ನು ಹೊತ್ತು ನದಿಯ ಕಡೆಗೆ ಮುಖಮಾಡಿ ನಿಂತಿವೆ.